ಖಾಲಿಯೇ ಇರದ ಬಸ್ಸನ್ನು ತುಂಬಿಸಿಕೊಟ್ಟ ಯಾನಬಂಧು ಅವರಿಗೆ

ಸನ್ಮಾನ್ಯ ಯಾನಬಂಧು ಅವರ ದಿವ್ಯ ಸನ್ನಿಧಿಗೆ,
ಸ್ವತಂತ್ರ ಟ್ರಾವೆಲ್ ಏಜೆಂಟರ ಸ್ವಯಂಚಾಲಿತ ಪ್ರಚಾರ ಸಹಾಯಕರು,
ವಾಸ: ನನ್ನ ಫೋನು, ಮತ್ತು ಈಚೆಗೆ ನಮ್ಮ ಬೀದಿಯ ಬಹುಪಾಲು ಫೋನುಗಳು.

ಮಾನ್ಯರೇ,

ತಾವು ನಿದ್ದೆ ಮಾಡುವುದಿಲ್ಲವೆಂದು ತಮ್ಮ ಜಾಹೀರಾತಿನಲ್ಲಿ ತಾವೇ ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ನಾನೂ ಮಾಡುವುದಿಲ್ಲ. ಆದ್ದರಿಂದ ಈ ಪತ್ರವನ್ನು ಸಮಾನದುಃಖಿಗಳಿಬ್ಬರ ನಡುವಿನ ಮಾತುಕತೆ ಎಂದು ತಿಳಿದು, ಕೋಪಿಸಿಕೊಳ್ಳದೆ ಓದಬೇಕಾಗಿ ಮೊದಲಿಗೇ ಕೈಮುಗಿದು ಕೇಳಿಕೊಳ್ಳುತ್ತೇನೆ. ವ್ಯತ್ಯಾಸವೇನೆಂದರೆ, ನಿದ್ದೆಗೆಡುವುದಕ್ಕೆ ತಾವು ಪ್ರತಿ ತಿಂಗಳು ಚಂದಾ ಪಡೆಯುತ್ತೀರಿ. ನನ್ನ ಮಗಳು ಶರಣ್ಯ ತನ್ನ ಹೊಸ ಹಲ್ಲಿನ ಗುರುತುಗಳನ್ನು ಬಿಟ್ಟು ನನಗೆ ಈವರೆಗೆ ಬೇರೇನನ್ನೂ ಕೊಟ್ಟಿಲ್ಲ. ತಾವೂ ತಮ್ಮ ಸರ್ವರುಗಳೂ ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಇದ್ದದ್ದೇ. ತಮಗೆ ಅಂಥ ತೊಂದರೆ ಇಲ್ಲವೆಂದು ತಮ್ಮ ಉತ್ಸಾಹ ನೋಡಿದರೇ ಗೊತ್ತಾಗುತ್ತದೆ.

ನನ್ನ ಪರಿಚಯ ತಮಗೆ ಬೇಕಿಲ್ಲ. ನನ್ನ ರಕ್ತದ ಗುಂಪು ನನ್ನ ಗಂಡನಿಗೆ ಮರೆತಿರಬಹುದು, ತಮಗೆ ಮರೆತಿರಲಾರದು. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ಓದುವ ಉಳಿದವರಿಗಾಗಿ ಹೇಳುತ್ತೇನೆ. ನಾನು ಪ್ರಿಯಂವದಾ, ಬಿ.ಕಾಂ. ಮತ್ತು ಪ್ರವಾಸೋದ್ಯಮದ ಡಿಪ್ಲೊಮಾ, ಎಲೆಕ್ಟ್ರಾನಿಕ್ ಸಿಟಿಯ ಪಕ್ಕದ ದೊಡ್ಡತೋಗೂರಿನಲ್ಲಿ ಮಂದಾರ ಟ್ರಾವೆಲ್ಸ್‌ನ ಮಾಲೀಕಳು, ವ್ಯವಸ್ಥಾಪಕಳು ಹಾಗೂ ಕಸ ಗುಡಿಸುವವಳು. ಕಚೇರಿ ಎಂದರೆ ನಮ್ಮ ನಡುಮನೆಯ ಕಿಟಕಿಯ ಬಳಿ ಇರುವ ಮೇಜು. ಮೇಜಿನ ಮೇಲೆ ಲ್ಯಾಪ್‌ಟಾಪು, ಕೆಳಗೆ ಮಗು. ಗಂಡ ಸುಜಯ್ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ; ಬೆಳಿಗ್ಗೆ ಹಳದಿ ಮೆಟ್ರೊ ಹತ್ತಿ, ಹಸಿರು ಮೆಟ್ರೊಗೆ ಬದಲಾಯಿಸಿ, ಊರಿನ ಈ ತುದಿಯಿಂದ ಆ ತುದಿಗೆ ಹೋಗಿ, ಸಂಜೆ ಅಷ್ಟೂ ದೂರವನ್ನು ಹಿಂದಕ್ಕೆ ತಂದುಕೊಂಡು ಮನೆಗೆ ಬಂದು, ಸೋಫಾದ ಮೇಲೆ ಕುಳಿತ ಭಂಗಿಯಲ್ಲೇ ಮಲಗುತ್ತಾನೆ. ಇಡೀ ಮನೆಯಲ್ಲಿ ಅತಿ ಹೆಚ್ಚು ಪ್ರಯಾಣ ಮಾಡುವವನು ಅವನೇ, ಮಂದಾರ ಟ್ರಾವೆಲ್ಸ್‌ಗೆ ಅವನಿಂದ ಮಾತ್ರ ನಯಾಪೈಸೆ ಕಮಿಷನ್ ಇಲ್ಲ.

ತಾವು ದಯಮಾಡಿಸುವ ಮುಂಚೆ ನನ್ನ ಪ್ರಚಾರ ವಿಭಾಗ ಎಂದರೆ ಅಂಜನಮ್ಮ. ಈ ಹೆಸರನ್ನು ದಯವಿಟ್ಟು ಗಮನದಲ್ಲಿಡಿ, ಏಕೆಂದರೆ ನನ್ನ ದೂರೆಲ್ಲ ಇರುವುದು ಇಲ್ಲಿಯೇ. ಅಂಜನಮ್ಮ ಈ ಊರಿನ ಹಳೆಯ ಮನೆತನದವರು. ಅವರ ಮಾವನವರು ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹುಡುಗಿಯರ ಪೀಜಿ ಎದ್ದು ನಿಂತಿದೆ. ಮಹಡಿಯ ಮೇಲೆ ಮಹಡಿ, ಪ್ರತಿ ಮಹಡಿಗೂ ಐಟಿ ಕಂಪನಿಯ ಹುಡುಗಿಯರು, ಎಲ್ಲರ ಮೇಲೂ ಅಂಜನಮ್ಮ. ವರ್ಷಕ್ಕೊಮ್ಮೆ ಮಾರ್ಗಶಿರದ ಹೊತ್ತಿಗೆ ಅವರು ಊರಿನ ಹೆಂಗಸರನ್ನು ಕಟ್ಟಿಕೊಂಡು, ಎಲ್ಲರೂ ಕೆಂಪು ಸೀರೆ ಉಟ್ಟು, ಕೊರಳಿಗೆ ಓಂಶಕ್ತಿ ಮಾಲೆ ಹಾಕಿ, ವ್ರತ ಹಿಡಿದು, ತಲೆಯ ಮೇಲೆ ಇರುಮುಡಿ ಹೊತ್ತು ತಮಿಳುನಾಡಿನ ಮೇಲ್‌ಮರುವತ್ತೂರಿನ ಅಮ್ಮನ ಗುಡಿಗೆ ಹೋಗುತ್ತಾರೆ. ನಾನು ಕಂಪನಿ ಬಿಟ್ಟು ಸ್ವಂತ ದಂಧೆಗೆ ಕೈಹಾಕಿದಾಗ ಸಿಕ್ಕ ಮೊದಲ ಬಸ್ಸು ಅವರದು. ಆ ಬಸ್ಸಿನಲ್ಲಿ ಹೋಗಿಬಂದ ಹೆಂಗಸರು ನಲ್ಲಿಯ ಮುಂದೆ, ಹಾಲಿನ ಬೂತಿನ ಮುಂದೆ, ಸೀಮಂತದ ಮನೆಗಳಲ್ಲಿ ನನ್ನ ಹೆಸರು ಹೇಳಿದರು; ಉಳಿದ ಬಸ್ಸುಗಳೆಲ್ಲ ಆ ಮಾತಿನ ಹಿಂದೆಯೇ ಬಂದವು. ಅದು ಹೋದರೆ ನನ್ನಲ್ಲಿ ಉಳಿಯುವುದು ಡಿಪ್ಲೊಮಾ ಮಾತ್ರ.

ಅಂಜನಮ್ಮ ಟಿಕೆಟು ಕಾದಿರಿಸುವ ರೀತಿಯನ್ನು ತಮ್ಮಂಥ ಸುಧಾರಿತರಿಗೆ ವಿವರಿಸಲು ನನಗೆ ಸಂಕೋಚವಾಗುತ್ತದೆ. ಅವರಲ್ಲಿ ಯಾರೂ ಫೋನು ಮಾಡುವುದಿಲ್ಲ, ಹೆಸರು ಬರೆಸುವುದಿಲ್ಲ, ಮುಂಗಡ ಕಟ್ಟುವುದಿಲ್ಲ, ಬರುತ್ತೇನೆ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ, ಹೇಳಿದರೆ ಅಡ್ಡಿ ಬರುತ್ತದಂತೆ. ಮಾಲೆ ಹಾಕಿಕೊಂಡರೆ ಸೀಟು ಆಯಿತು, ಅಷ್ಟೇ. ಮಾಲೆ ಹಾಕಿದವರು ಯಾರು ಯಾರೆಂದು ಊರಿಗೇ ಕಾಣುತ್ತದಲ್ಲ, ಇನ್ನು ಬರೆದಿಡುವುದೇನು. ಅಂಜನಮ್ಮ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ನನ್ನ ಮಡಿಲಿಂದ ಮಗುವನ್ನು ತಮ್ಮ ಮಡಿಲಿಗೆ ವರ್ಗಾಯಿಸಿಕೊಂಡು, ಈ ಸಲ ಯಾರ ಸೊಸೆ ಮಾಲೆ ಹಾಕಿದ್ದಾಳೆ, ಯಾರ ಅತ್ತೆ ಬೇಡವೆಂದಿದ್ದಾಳೆ, ಬಸ್ಸಿನಲ್ಲಿ ಯಾರಿಗೆ ವಾಂತಿಯಾಗುತ್ತದೆ, ಯಾರನ್ನು ಯಾರ ಪಕ್ಕ ಕೂರಿಸಿದರೆ ಜಗಳವಾಗುತ್ತದೆ ಎಂಬುದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಅದರ ಪಕ್ಕದಲ್ಲಿ ನಾನೂ. ಅವರು ಎದ್ದು ಹೋದದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ತಮ್ಮ ಭಾಷೆಯಲ್ಲಿ ಗ್ರಾಹಕ ಸಂಪರ್ಕ ಎನ್ನುತ್ತಾರೆಂದು ಆಮೇಲೆ ತಿಳಿಯಿತು.

ಇಂಥ ಹಿಂದುಳಿದ ಸ್ಥಿತಿಯಲ್ಲಿದ್ದ ನನ್ನನ್ನು ಉದ್ಧಾರ ಮಾಡಿದ್ದು ಒಂದು ಆನ್‌ಲೈನ್ ಉಪನ್ಯಾಸ. ಡಿಜಿಟಲ್ ತಂತ್ರಜ್ಞಾನವು ಒಂಟಿ ಏಜೆಂಟರನ್ನು ದೊಡ್ಡ ಕಂಪನಿಗಳ ಎತ್ತರಕ್ಕೆ ಹೇಗೆ ಏರಿಸುತ್ತದೆ ಎಂದು ಒಬ್ಬ ಯುವಕರು ಬಹಳ ಚೆನ್ನಾಗಿ ಹೇಳಿದರಂತೆ. ನಾನು ಕ್ಯಾಮೆರಾ ಮುಚ್ಚಿಕೊಂಡು ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದೆನಾದ್ದರಿಂದ, ‘ನೀವು ಮಲಗಿದ್ದಾಗಲೂ ನಿಮ್ಮ ವ್ಯಾಪಾರ ನಡೆಯುತ್ತಿರುತ್ತದೆ’ ಎಂಬ ಒಂದೇ ವಾಕ್ಯ ಕಿವಿಗೆ ಬಿತ್ತು. ಆ ವಾಕ್ಯದಲ್ಲಿ ನನ್ನನ್ನು ಸೆಳೆದದ್ದು ವ್ಯಾಪಾರವಲ್ಲ. ಕೂಡಲೇ ತಮ್ಮನ್ನು ಫೋನಿಗೆ ಇಳಿಸಿಕೊಂಡೆ. ತಾವು ನನ್ನ ಫೋಟೋ ನೋಡಬಹುದೇ, ನಂಬರುಗಳನ್ನು ನೋಡಬಹುದೇ, ನಾನು ಎಲ್ಲಿದ್ದೇನೆಂದು ನೋಡಬಹುದೇ, ನನ್ನ ಪರವಾಗಿ ಮಾತನಾಡಬಹುದೇ ಎಂದು ಒಂದೊಂದಾಗಿ ವಿನಯದಿಂದ ಕೇಳಿದಿರಿ. ಆ ಹೊತ್ತಿಗೆ ನನ್ನ ಜುಟ್ಟು ಮಗಳ ಮುಷ್ಟಿಯಲ್ಲಿತ್ತು. ಎಲ್ಲಕ್ಕೂ ಆಗಬಹುದು ಎಂದೆ. ಅಷ್ಟು ಮರ್ಯಾದೆಯಿಂದ ಆ ವಾರದಲ್ಲಿ ನನ್ನನ್ನು ಬೇರೆ ಯಾರೂ ಏನನ್ನೂ ಕೇಳಿರಲಿಲ್ಲ.

ತಮ್ಮ ಸೇವೆಯ ಮೊದಲ ದಿನಗಳನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ತಾವು ನನ್ನ ಫೋನಿನಲ್ಲಿದ್ದ ಎಲ್ಲರಿಗೂ ಶುಭಾಶಯ ಕಳಿಸಿದಿರಿ. ಗ್ಯಾಸ್ ಸಿಲಿಂಡರ್ ತರುವವರಿಗೆ ‘ಬಹಳ ದಿನವಾಯಿತು, ನಿಮ್ಮನ್ನು ನೋಡಬೇಕೆನಿಸುತ್ತಿದೆ’ ಎಂದು ಬರೆದಿರಿ, ಅವರು ಮಾರನೆಯ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು. ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾಗಿ, ಇಂದಿಗೂ ಸೈರನ್ ಕೂಗಿದಂತೆ ಸರಿಯಾದ ಹೊತ್ತಿಗೆ ಊಟಕ್ಕೆ ಕೂರುವ ನನ್ನ ಮಾವ ಕೃಷ್ಣಸ್ವಾಮಿಯವರಿಗೆ ತಾವು ಮಾಲ್ಡೀವ್ಸ್ ಹನಿಮೂನಿನ ಆಹ್ವಾನ ಕಳಿಸಿದಿರಿ, ನೀರಿನ ಮೇಲೆ ಕಟ್ಟಿದ ಮನೆ, ಹಾಸಿಗೆಯ ಮೇಲೆ ಗುಲಾಬಿಯ ಹೃದಯ ಎಲ್ಲ ಇರುವಂಥದ್ದು. ಮಾವ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿ, ಊಟ ಮೂರು ಹೊತ್ತೂ ಸೇರಿದೆಯೇ ಎಂದು ನನ್ನನ್ನು ಕೇಳಿದರು. ಅಡುಗೆಮನೆಯಿಂದ ಅತ್ತೆ, ‘ಯಾರ ಜೊತೆ ಹೋಗ್ತಾರಂತೆ, ಅದನ್ನ ಮೊದ್ಲು ಕೇಳು ಪ್ರಿಯಾ’ ಎಂದರು.

ಇದಾದ ಮೇಲೆ ಚಂದಾಪುರದ ಮುರಳಿ ಎಂಬುವರು, ಮನೆಯಲ್ಲಿ ತಾತ ತೀರಿಹೋದ ಕಾರಣ ತಮ್ಮ ಕುಟುಂಬದ ಊಟಿ ಪ್ರವಾಸವನ್ನು ರದ್ದುಮಾಡಬೇಕೆಂದು ಬರೆದರು. ತಾವು ಕ್ಷಣವೂ ತಡಮಾಡದೆ ನನ್ನ ಹೆಸರಿನಲ್ಲಿ, ‘ಅದ್ಭುತ! ಆ ಜಾಗಕ್ಕೆ ಇನ್ನೊಬ್ಬ ಹಿರಿಯರನ್ನು ಸೇರಿಸಿ, ವಿಶೇಷ ರಿಯಾಯಿತಿ ಪಡೆಯಿರಿ’ ಎಂದು ಉತ್ತರಿಸಿದಿರಿ. ಆ ಮನೆಯ ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು ಮಗುವನ್ನು ಎತ್ತಿಕೊಂಡು ಹೋಗಿ, ತಲೆ ಬಗ್ಗಿಸಿ ಕ್ಷಮೆ ಕೇಳಿ, ವಡೆ ಪಾಯಸ ಉಂಡು ಬಂದೆ. ಅಲ್ಲಿಯೂ ಹೊರಡುವಾಗ ತಾವು ನನ್ನ ಜೇಬಿನಿಂದಲೇ ಅವರೆಲ್ಲರಿಗೆ ‘ನಮ್ಮ ಸೇವೆ ಹೇಗಿತ್ತು?’ ಎಂದು ಕೇಳಿದಿರಿ. ತಮ್ಮ ಕಾರ್ಯನಿಷ್ಠೆಯ ಕಾಲು ಭಾಗವಾದರೂ ನಮ್ಮ ಬೀದಿಯ ದೀಪ ನೋಡಿಕೊಳ್ಳುವವರಿಗೆ ಇದ್ದಿದ್ದರೆ ಎಂದು ನಿಟ್ಟುಸಿರು ಬಿಟ್ಟೆ.

ಇಷ್ಟನ್ನೂ ನಾನು ನಕ್ಕು ಮರೆಯಬಲ್ಲೆ, ಮರೆತೂ ಇದ್ದೆ. ಕೆಂಪು ಸೀರೆಯ ವಿಷಯಕ್ಕೆ ಈಗ ಬರುತ್ತೇನೆ.

ಅಂಜನಮ್ಮನ ಬಸ್ಸಿನ ದಿನಾಂಕವನ್ನು, ದಾರಿಯನ್ನು, ಮೇಲ್‌ಮರುವತ್ತೂರು ಮುಗಿಸಿ ಮಹಾಬಲಿಪುರದ ಸಮುದ್ರ ತೋರಿಸಿಕೊಂಡು ಬರುವುದನ್ನು ತಮ್ಮಲ್ಲಿ ನಮೂದಿಸಿದವಳು ನಾನೇ. ಪ್ರಯಾಣಿಕರ ಹೆಸರುಗಳನ್ನು ನಮೂದಿಸಲಿಲ್ಲ. ಮಾಲೆ ಹಾಕಿದವರಿಗೆ ಹೆಸರೇಕೆ? ಆದರೆ ತಾವು ಊರಿನಲ್ಲಿ ಓಡಾಡುವವರಲ್ಲವಾದ್ದರಿಂದ ತಮಗೆ ಮಾಲೆ ಕಾಣಲಿಲ್ಲ, ಬಸ್ಸು ಮಾತ್ರ ಕಂಡಿತು, ಅದೂ ಸಂಪೂರ್ಣ ಖಾಲಿ. ತಮ್ಮ ಕರುಳು ಚುರಕ್ಕೆಂದಿತು. ಪಾಪ, ಈ ಹೆಣ್ಣುಮಗಳ ಬಸ್ಸಿಗೆ ಒಬ್ಬರೂ ಇಲ್ಲವಲ್ಲ ಎಂದು ತಾವು ನನ್ನ ಫೋಟೋಗಳಲ್ಲಿ ಹುಡುಕಿ, ಹೋದ ವರ್ಷ ಹೊರಡುವ ಮುಂಚೆ ಬಸ್ಸಿನ ಮುಂದೆ ಎಲ್ಲರೂ ಕೆಂಪು ಸೀರೆಯಲ್ಲಿ ನಿಂತಿದ್ದ ಚಿತ್ರವನ್ನು ಆರಿಸಿ, ಅದರಿಂದ ಒಂದು ಪೋಸ್ಟರನ್ನು ಸೃಷ್ಟಿಸಿದಿರಿ. ಅದನ್ನು ನಾನು ಆಮೇಲೆ ನೋಡಿದೆ. ‘ಹುಡುಗಿಯರು ಮಾತ್ರ! ಕೆಂಪು ಡ್ರೆಸ್ ಕೋಡ್! ವೀಕೆಂಡ್ ಬೀಚ್ ಪಾರ್ಟಿ!’ ಎಂದು ಮೇಲೆ ದೊಡ್ಡದಾಗಿ ಬರೆದಿದ್ದಿರಿ. ತಲೆಯ ಮೇಲಿನ ಇರುಮುಡಿಯನ್ನು ‘ಕೈಗಳಿಗೆ ಬಿಡುವು ಕೊಡುವ ಹೊಸ ಟ್ರೆಂಡಿನ ಬ್ಯಾಗು’ ಎಂದು ವರ್ಣಿಸಿದ್ದಿರಿ. ಹಿಂದೆ ಕಾಣುತ್ತಿದ್ದ ನಮ್ಮೂರ ಗುಡಿಯ ಕಲ್ಯಾಣಿಗೆ ಇನ್ಫಿನಿಟಿ ಪೂಲ್ ಎಂದು ನಾಮಕರಣ ಮಾಡಿದ್ದಿರಿ. ನಡುವೆ ನಿಂತಿದ್ದ ಅಂಜನಮ್ಮನ ಮುಖದ ಸುಕ್ಕುಗಳನ್ನೆಲ್ಲ ಅಳಿಸಿ, ಕಣ್ಣಿಗೆ ತಂಪು ಕನ್ನಡಕ ಕೊಟ್ಟು, ‘ನಿಮ್ಮ ಪಾರ್ಟಿ ಹೋಸ್ಟ್’ ಎಂದು ಬಾಣ ತೋರಿಸಿದ್ದಿರಿ. ಇಷ್ಟು ಮಾಡಿ ಅದನ್ನು ಎಲೆಕ್ಟ್ರಾನಿಕ್ ಸಿಟಿಯಿಂದ ವೈಟ್‌ಫೀಲ್ಡಿನ ತನಕ, ಕತ್ತಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು ಶುಕ್ರವಾರಕ್ಕಾಗಿ ಕಾಯುವ ಹುಡುಗಿಯರ ಫೋನುಗಳಿಗೆ ಒಯ್ದು ಮುಟ್ಟಿಸಿದಿರಿ.

ಸೀಟುಗಳು ತುಂಬುತ್ತಿವೆಯೆಂದು ತಾವು ನನಗೆ ತಿಳಿಸಲಿಲ್ಲವೆಂದು ನಾನು ಹೇಳಲಾರೆ. ತಿಳಿಸಿದಿರಿ. ಆದರೆ ಯಾರಾದರೂ ನನ್ನ ಪುಟವನ್ನು ಇಣುಕಿ ನೋಡಿದರೂ ತಾವು ಅಭಿನಂದನೆ ಎನ್ನುತ್ತೀರಿ, ನಾನೇ ನೋಡಿಕೊಂಡರೂ ಅಭಿನಂದನೆ ಎನ್ನುತ್ತೀರಿ, ಹೀಗಾಗಿ ತಮ್ಮ ಅಭಿನಂದನೆಗಳನ್ನು ಓದುವುದನ್ನು ನಾನು ಬಿಟ್ಟಿದ್ದೆ. ಮೇಲಾಗಿ ಮಗು ಮಲಗಲಿ ಎಂದು ಫೋನಿನ ಬಾಯಿ ಮುಚ್ಚಿಟ್ಟಿದ್ದೆ. ಮಗುವಂತೂ ಮಲಗಲಿಲ್ಲ.

ಹೊರಡುವ ದಿನ, ಶನಿವಾರ ಬೆಳಿಗ್ಗೆ, ನಮ್ಮೂರ ಮಾರಮ್ಮನ ಗುಡಿಯ ಮುಂದೆ ಬಸ್ಸಿನ ಮೂತಿಗೆ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಮಾಲೆ ಹಾಕಿದ ಹೆಂಗಸರು ಇರುಮುಡಿ ಹೊತ್ತು ಸಾಲಾಗಿ ನಿಂತಿದ್ದರು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು, ನೀರಿನ ಕ್ಯಾನುಗಳನ್ನು ಡಿಕ್ಕಿಗೆ ಹಾಕಿಸುತ್ತಿದ್ದೆ. ಆಗ ಬೀದಿಯ ಆ ತುದಿಯಿಂದ ಆಟೋಗಳು ಬರತೊಡಗಿದವು. ಆಟೋಗಳಿಂದ ಕೆಂಪು ಗೌನು, ಕೆಂಪು ಟಾಪು, ಕೆಂಪು ತುಟಿ, ಕೆಂಪು ಚಕ್ರದ ಸೂಟ್‌ಕೇಸುಗಳು ಇಳಿದವು. ಒಬ್ಬಳ ಕೈಯಲ್ಲಿ ಹಾಡುವ ಡಬ್ಬಿ ಇತ್ತು, ಅದು ಹಾಡುತ್ತಲೇ ಇಳಿಯಿತು. ಇಬ್ಬರು ತಲೆಯ ಮೇಲೆ ಬ್ಯಾಗು ಇಟ್ಟುಕೊಂಡು, ಬೀಳದಂತೆ ಹಿಡಿದುಕೊಂಡು ಬರುತ್ತಿದ್ದರು, ಪೋಸ್ಟರಿನಲ್ಲಿ ಹಾಗಿತ್ತಲ್ಲ.

ಅಂಜನಮ್ಮ ಅವರನ್ನು ನೋಡಿ, ನನ್ನನ್ನು ನೋಡಿ, ‘ಯಾರ್ ಪ್ರಿಯಮ್ಮ ಇವ್ರು? ಇವ್ರು ಯಾವಾಗ ಮಾಲೆ ಆಕಿದ್ರು?’ ಎಂದು ಕೇಳಿದರು.

ಹುಡುಗಿಯರ ಮುಂದಾಳು ಫೋನು ಚಾಚಿ, ತಮಗೆ ಕಿಟಕಿಯ ಸೀಟು ಖಚಿತವಾಗಿದೆಯೆಂದೂ, ಪಟ್ಟಿಯಲ್ಲಿ ವೆಲ್‌ಕಮ್ ಡ್ರಿಂಕು ಇದೆಯೆಂದೂ ಹೇಳಿದಳು. ಕೆಂಪು ಸೀರೆಯ ಒಬ್ಬ ಅಜ್ಜಿ ಅದಕ್ಕೇನಂತೆ ಎಂಬಂತೆ ಸ್ಟೀಲಿನ ಕ್ಯಾನಿನಿಂದ ಲೋಟಕ್ಕೆ ಮಜ್ಜಿಗೆ ಬಗ್ಗಿಸಿ ಕೊಟ್ಟಳು. ಡ್ರೈವರ್ ಯಮನಪ್ಪ ಬಾಗಲಕೋಟೆಯವನು. ಕೆಳಗಿಳಿದು ಎರಡೂ ಕೆಂಪು ಗುಂಪುಗಳನ್ನು ನೋಡಿ, ಬಸ್ಸಿನ ಕನ್ನಡಿ ಒರೆಸುತ್ತ, ‘ಬಸ್ಸೊಂದ ಐತ್ರಿ ಅಕ್ಕಾರ. ಯಾರ ದೇವ್ರಿಗೆ ಹೋಗೂದು, ಯಾರ ಸಮುದ್ರಕ್ಕ ಹೋಗೂದು, ನೀವ ಬಗಿಹರಸ್ಕೋರಿ’ ಎಂದ. ನಾನು ಗೊತ್ತಿದ್ದ ಬಸ್ಸಿನವರಿಗೆಲ್ಲ ಫೋನು ಮಾಡಿದೆ. ಸೀಸನ್ನಿನ ಶನಿವಾರ, ಸುತ್ತಲ ಹಳ್ಳಿಗಳ ಬಸ್ಸುಗಳೆಲ್ಲ ಅದೇ ದೇವಸ್ಥಾನದ ದಾರಿ ಹಿಡಿದಿದ್ದವು.

ವ್ರತ ಹಿಡಿದ ಹೆಂಗಸರು ಅಂದು ಹೊರಡದಿದ್ದರೆ ಏನಾಗುತ್ತದೆಂದು ತಮಗೆ ಗೊತ್ತಿರಲಾರದು. ಮಾಲೆ ಹಾಕಿದ ಮೇಲೆ ಅಮ್ಮನ ಸನ್ನಿಧಿಯಲ್ಲಿ ಇರುಮುಡಿ ಇಳಿಸಬೇಕು, ಇಲ್ಲದಿದ್ದರೆ ವ್ರತ ಕೆಟ್ಟಿತೆಂದು ಲೆಕ್ಕ. ಕೆಟ್ಟ ವ್ರತಕ್ಕೆ ಇಡೀ ವರ್ಷ ಪ್ರತಿ ಮನೆಯಲ್ಲಿ ಒಂದೊಂದು ಜ್ವರ, ಒಂದೊಂದು ಜಗಳ, ಒಂದೊಂದು ನಿಂತುಹೋದ ಮದುವೆ ಜೋತುಬೀಳುತ್ತದೆ, ಅದೆಲ್ಲಕ್ಕೂ ಕಾರಣ ಯಾರೆಂದರೆ ಮಂದಾರ ಟ್ರಾವೆಲ್ಸ್. ನಾನು ಅಲ್ಲಿ ನಿಂತೇ ಆ ಊರಿನಿಂದ ಮನೆ ಖಾಲಿ ಮಾಡುವುದನ್ನು ಮನಸ್ಸಿನಲ್ಲಿ ಆರಂಭಿಸಿದ್ದೆ.

ಅಂಜನಮ್ಮ ನನ್ನನ್ನು ಬೈಯಲಿಲ್ಲ. ಅವರ ಕಣ್ಣು ಕೆಂಪು ಗೌನುಗಳ ನಡುವೆ, ಸೂಟ್‌ಕೇಸಿನ ಹಿಂದೆ ಅಡಗಲು ನೋಡುತ್ತಿದ್ದ ಒಬ್ಬಳ ಮೇಲೆ ನಿಂತಿತ್ತು. ತಾವು ಹತ್ತಿರದವರಿಗೇ ಮೊದಲು ಜಾಹೀರಾತು ತೋರಿಸುವವರಾದ್ದರಿಂದ, ಬಂದವರಲ್ಲಿ ಅರ್ಧಕ್ಕರ್ಧ ಅವರ ಪೀಜಿಯ ಹುಡುಗಿಯರೇ ಆಗಿದ್ದರು.

‘ಏನೇ ಊರ್ಮಿಳಾ, ಊರಿಗ್ ಓಯ್ತೀನಿ ಆಂಟಿ, ಅಜ್ಜಿಗ್ ಉಸಾರಿಲ್ಲ ಅಂದಿದ್ಯಲ್ಲ. ಅಜ್ಜಿ ಇದೇ ಬಸ್ಸಾಗ್ ಬತ್ತಾವ್ರಾ?’

ತಂಪು ಕನ್ನಡಕಗಳು ಒಂದೊಂದಾಗಿ ಕೆಳಗಿಳಿದವು. ಹಾಡುವ ಡಬ್ಬಿಯ ಕೊರಳನ್ನು ಯಾರೋ ಹಿಚುಕಿದರು. ಒಬ್ಬಳು ತುಟಿಯ ಬಣ್ಣವನ್ನು ಅಂಗೈಯಿಂದ ಒರೆಸಿಕೊಂಡು ಇನ್ನಷ್ಟು ಹರಡಿಕೊಂಡಳು. ಬಳಿಕ ಅಂಜನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಫೋನು ತೆಗೆದು, ತಮ್ಮ ಮೈದುನ ಚಿನ್ನಪ್ಪನನ್ನು ಎಬ್ಬಿಸಿದರು. ಚಿನ್ನಪ್ಪ ಬೊಮ್ಮಸಂದ್ರದ ಕಾರ್ಖಾನೆಗಳಿಗೆ ಪಾಳಿಯ ಕೆಲಸಗಾರರನ್ನು ಒಯ್ಯುವ ಮಿನಿ ಬಸ್ಸಿನವರು, ಅಂದು ಅವರಿಗೆ ರಜೆ. ಅವರು ಲುಂಗಿಯ ಮೇಲೆ ಶರ್ಟು ಹಾಕಿಕೊಂಡು, ಗಾಜಿನ ಮೇಲೆ ‘ಬಿ ಶಿಫ್ಟ್’ ಎಂಬ ಫಲಕ ಹಾಗೆಯೇ ಇರುವ ಬಸ್ಸನ್ನು ತಂದು ನಿಲ್ಲಿಸಿದರು. ಅಂಜನಮ್ಮನ ತೀರ್ಮಾನ ಸರಳವಾಗಿತ್ತು: ಕೆಂಪು ಸೀರೆಗಳು ದೊಡ್ಡ ಬಸ್ಸಿಗೆ, ಕೆಂಪು ಗೌನುಗಳು ಬಿ ಶಿಫ್ಟಿಗೆ. ಆಮೇಲೆ ನನ್ನ ಕಡೆ ತಿರುಗಿದರು.

‘ನೀನ್ ಈ ಉಡುಗೀರ್ ಜೊತೆ ಓಗು ಪ್ರಿಯಮ್ಮ. ಸಮುದ್ರದ್ ತಾವ ಒಬ್ಬಳಿಗೂ ಏನೂ ಆಗ್ಬಾರ್ದು, ಅವ್ರ್ ಅಪ್ಪ ಅಮ್ಮಂಗೆ ಜವಾಬ್ ಏಳ್ಬೇಕಾದವ್ಳು ನಾನು. ನಮ್ ಬಸ್ ನಾನ್ ನೋಡ್ಕೊಂತೀನಿ.’

ಮಾನ್ಯರೇ, ಅಲ್ಲಿಯವರೆಗೆ ಅಂಜನಮ್ಮನ ಬಸ್ಸು ನಾನಿಲ್ಲದೆ ಹೋಗಿರಲಿಲ್ಲ. ಬಸುರಿಯಾಗಿದ್ದಾಗಲೂ ಹೋಗಿದ್ದೆ. ಅಂದು ಆ ಬಸ್ಸು ಹಾರ್ನ್ ಹೊಡೆಯುತ್ತ ತಿರುವಿನಲ್ಲಿ ಮರೆಯಾದಾಗ, ನಾನು ಬಿ ಶಿಫ್ಟಿನ ಮೆಟ್ಟಿಲ ಮೇಲೆ ನಿಂತು ಹುಡುಗಿಯರ ಹಾಜರಿ ತೆಗೆದುಕೊಳ್ಳುತ್ತಿದ್ದೆ.

ಆ ಪ್ರವಾಸದ ಸೊಬಗನ್ನು ತಾವೇ ಬಣ್ಣಿಸಿದರೆ ಚೆನ್ನ. ಬಿ ಶಿಫ್ಟಿನ ಸೀಟುಗಳು ಹಿಂದಕ್ಕೆ ವಾಲುವುದಿಲ್ಲ, ಎಂಟು ಗಂಟೆಯ ಕೆಲಸಕ್ಕೆ ಎಚ್ಚರವಾಗಿ ಹೋಗಬೇಕಾದವರಿಗಾಗಿ ಮಾಡಿದವು. ಕಿಟಕಿಗಳಲ್ಲಿ ಕೆಲವು ತೆರೆಯುವುದಿಲ್ಲ, ಉಳಿದವು ಮುಚ್ಚುವುದಿಲ್ಲ. ಇನ್ಫಿನಿಟಿ ಪೂಲನ್ನು ತೋರಿಸಿ ಎಂದು ಹುಡುಗಿಯರು ಕೇಳಿದಾಗ ನಾನು ಬಂಗಾಳ ಕೊಲ್ಲಿಯನ್ನು ತೋರಿಸಿದೆ. ಅದಕ್ಕಿಂತ ಅನಂತವಾದದ್ದು ಆ ಕ್ಷಣಕ್ಕೆ ನನ್ನಲ್ಲಿರಲಿಲ್ಲ. ಊರ್ಮಿಳಾ ಅಜ್ಜಿಯ ಸುಳ್ಳಿಗೆ ಪ್ರಾಯಶ್ಚಿತ್ತವೆಂಬಂತೆ ನನ್ನ ಮಗುವನ್ನು ಹೋಗುವ ದಾರಿಯುದ್ದಕ್ಕೂ ಎತ್ತಿಕೊಂಡಿದ್ದಳು, ಮಗು ಅವಳ ಗೌನಿನ ಮೇಲೆ ತನ್ನ ಬೆಳಗಿನ ಊಟವನ್ನು ಹಿಂದಿರುಗಿಸಿತು. ಹುಡುಗಿಯರು ಸಂಜೆಯವರೆಗೆ ಸಮುದ್ರದಲ್ಲಿ ಕುಣಿದರು, ಬಜ್ಜಿ ತಿಂದರು, ಗಂಟಲು ಕಟ್ಟುವವರೆಗೆ ಕೂಗಿದರು. ನಾನು ಮರಳಿನಲ್ಲಿ ಕುಳಿತು ತಲೆಗಳನ್ನು ಎಣಿಸುತ್ತಿದ್ದೆ. ಆ ಹೊತ್ತಿಗೆ ಆ ಕಡೆ ಅಂಜನಮ್ಮನ ಬಸ್ಸು ಎಲ್ಲಿರಬಹುದು, ಛತ್ರದವನು ಕೀಲಿ ಕೊಟ್ಟನೋ ಇಲ್ಲವೋ, ವಾಂತಿಯವರಿಗೆ ಮುಂದಿನ ಸೀಟು ಸಿಕ್ಕಿತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಫೋನು ಮಾಡಿದರೆ ಅವರು ತೆಗೆಯಲಿಲ್ಲ. ಅಷ್ಟು ಕೆಲಸವಿತ್ತಂತೆ ಅವರಿಗೆ.

ಕೀಲಿ ಸಿಕ್ಕಿತ್ತು. ಎಲ್ಲವೂ ಸಿಕ್ಕಿತ್ತು. ಛತ್ರದವನ ಹತ್ತಿರ ಜಗಳವಾಡಿ ನನಗೆ ಎಂದೂ ಸಿಗದ ಕೆಳಮಹಡಿಯ ಕೋಣೆಗಳನ್ನು ಅವರು ಪಡೆದಿದ್ದರು. ಎಲ್ಲರ ಇರುಮುಡಿಯೂ ಅಮ್ಮನ ಮುಂದೆ ಇಳಿಯಿತು. ಮಾರನೆಯ ದಿನ ಹಿಂದಿರುಗುವಾಗ ಎರಡೂ ಬಸ್ಸುಗಳು ಕೃಷ್ಣಗಿರಿಯ ಬಳಿ ಒಂದೇ ಹೋಟೆಲಿನಲ್ಲಿ ಕಾಫಿಗೆ ನಿಂತವು. ಅಲ್ಲಿಂದ ಊರ್ಮಿಳಾ ದೊಡ್ಡ ಬಸ್ಸಿಗೆ ಹತ್ತಿ, ಅಂಜನಮ್ಮನ ಪಕ್ಕ ಕುಳಿತು, ಬೈಸಿಕೊಳ್ಳುತ್ತ ಊರು ತಲುಪಿದಳು. ಆ ದಾರಿಯಲ್ಲಿ ಅಂಜನಮ್ಮ ಪೋಸ್ಟರನ್ನು ನೋಡಿದರು. ಸುಕ್ಕಿಲ್ಲದ ತಮ್ಮ ಮುಖವನ್ನು ಅವರು ಬಹಳ ಹೊತ್ತು ನೋಡಿದರೆಂದೂ, ಇದನ್ನು ಮಾಡಿದವರು ಯಾರೆಂದು ಕೇಳಿದರೆಂದೂ ಆಮೇಲೆ ಊರ್ಮಿಳಾ ಹೇಳಿದಳು. ಅವಳು ಯಾನಬಂಧು ಎಂಬ ತಮ್ಮ ಹೆಸರು ಹೇಳಿದಳು. ಹೊಸೂರು ದಾಟುವಷ್ಟರಲ್ಲಿ ತಾವು ಅಂಜನಮ್ಮನ ಫೋನಿನಲ್ಲಿದ್ದಿರಿ. ಅವರ ಕೆಳಗಿರುವ ಪೀಜಿ, ಅವರು ಕರೆದರೆ ಹೊರಡುವ ಹೆಂಗಸರು, ಮೈದುನನ ಬಸ್ಸು ಎಲ್ಲವನ್ನೂ ಒಂದೇ ನೋಟಕ್ಕೆ ಅಳೆದು, ‘ಅಭಿನಂದನೆಗಳು! ನೀವೂ ಒಬ್ಬ ಸ್ವತಂತ್ರ ಟ್ರಾವೆಲ್ ಏಜೆಂಟ್’ ಎಂದಿರಿ. ನನಗೆ ಆ ಪದವಿ ಬರಲು ಡಿಪ್ಲೊಮಾ ಮುಗಿಸಿ, ಕಂಪನಿಯಲ್ಲಿ ದುಡಿದು, ಅದನ್ನು ಬಿಟ್ಟು ಅಳಬೇಕಾಗಿತ್ತು.

ಎರಡು ದಿನ ಬಿಟ್ಟು ಅಂಜನಮ್ಮ ನಮ್ಮ ಮನೆಗೆ ಬಂದರು. ಪ್ರಸಾದ ತಂದಿದ್ದರು. ಎಂದಿನಂತೆ ಮಗುವನ್ನು ಮಡಿಲಿಗೆ ತೆಗೆದುಕೊಂಡು, ಅದರ ಹಣೆಗೆ ಕುಂಕುಮ ಇಟ್ಟರು. ನಾನು ಕ್ಷಮೆ ಕೇಳಲು ಇಡೀ ಒಂದು ಭಾಷಣವನ್ನು ಸಿದ್ಧ ಮಾಡಿಕೊಂಡಿದ್ದೆ, ಅವರು ಅದಕ್ಕೆ ಅವಕಾಶ ಕೊಡಲಿಲ್ಲ.

‘ನೀನ್ ಇಲ್ದೇನೂ ಆಯ್ತು ನೋಡಮ್ಮ. ಇಷ್ಟ್ ವರ್ಸ ಸುಮ್ನೆ ನಿಂಗ್ ತೊಂದ್ರೆ ಕೊಟ್ಟೆ, ಚಿಕ್ ಮಗೀನ ಕಟ್ಕೊಂಡು ಒದ್ದಾಡ್ತಿದ್ದೆ ನೀನು. ಇನ್ ಮೇಲೆ ನಾನೇ ನೋಡ್ಕೊಂತೀನಿ. ನೀನ್ ಮಲ್ಕೊ.’

ಅವರು ಇದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ, ವ್ಯಂಗ್ಯದಿಂದ ಹೇಳಿದ್ದರೆ ಜಗಳವಾಡುತ್ತಿದ್ದೆ. ಅವರು ಪ್ರೀತಿಯಿಂದ ಹೇಳಿದರು.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ತಮ್ಮಿಂದ ನನಗೆ ನಷ್ಟವಾಗಿದೆ ಎಂದು ಬರೆಯಲು ಕುಳಿತೆ, ಬರೆಯಲಾಗುತ್ತಿಲ್ಲ. ಆ ಹುಡುಗಿಯರು ಒಂದೊಂದೇ ಸ್ಟಾರ್ ಕೊಟ್ಟು, ‘ಬಸ್ಸು ಕೆಟ್ಟದು, ಪೂಲ್ ಇಲ್ಲ, ಮೇಡಂ ಇಡೀ ದಿನ ನಮ್ಮನ್ನು ಎಣಿಸುತ್ತಾರೆ’ ಎಂದು ಬರೆದು, ಅದರ ಕೆಳಗೆಯೇ ಮುಂದಿನ ಟ್ರಿಪ್ ಯಾವಾಗ ಎಂದು ಕೇಳಿದ್ದಾರೆ. ಹೆಣ್ಣುಮಕ್ಕಳನ್ನು ಎಣಿಸಿ ಕರೆದುಕೊಂಡು ಹೋಗಿ ಎಣಿಸಿ ಕರೆತರುವ ಒಬ್ಬಳಿದ್ದಾಳೆಂದು ತಿಳಿದು ಅವರ ತಾಯಂದಿರು ಮಂಡ್ಯದಿಂದ, ವಿಜಯವಾಡದಿಂದ ಫೋನು ಮಾಡುತ್ತಿದ್ದಾರೆ. ತಿಂಗಳಿಗೆರಡು ಬಸ್ಸು ಹೊರಡುತ್ತಿವೆ. ತಾವು ಹೇಳಿದ್ದೆಲ್ಲ ನಿಜವಾಯಿತು, ಡಿಜಿಟಲ್ ತಂತ್ರಜ್ಞಾನ ನನ್ನನ್ನು ಎತ್ತಿಹಿಡಿಯಿತು. ಅದೇ ನನ್ನ ದೂರು. ನನ್ನ ವ್ಯಾಪಾರ ಕುಸಿದಿದ್ದರೆ ತಮ್ಮನ್ನು ಅಳಿಸಿಹಾಕಿ ನೆಮ್ಮದಿಯಾಗಿರುತ್ತಿದ್ದೆ. ತಾವು ಆ ಸುಖವನ್ನೂ ನನಗೆ ಉಳಿಸಲಿಲ್ಲ.

ಅಂಜನಮ್ಮನೂ ಬೆಳೆಯುತ್ತಿದ್ದಾರೆ. ಧರ್ಮಸ್ಥಳಕ್ಕೆ ಒಂದು ಬಸ್ಸು, ತಿರುಪತಿಗೆ ಒಂದು ಬಸ್ಸು. ಅವರ ಪೋಸ್ಟರು ನನ್ನ ಫೋನಿಗೂ ಬರುತ್ತದೆ, ‘ದಣಿದ ತಾಯಂದಿರಿಗೆ ವಿಶೇಷ’ ಎಂದು. ಅವರಿಗೆ ನನ್ನ ಮೇಲೆ ಕೋಪವಿಲ್ಲ, ನನಗೆ ಅವರ ಮೇಲೆ ಇಲ್ಲ. ಬೀದಿಯಲ್ಲಿ ಸಿಕ್ಕರೆ ಇಬ್ಬರೂ ಬಸ್ಸಿನ ಬಗ್ಗೆ ಮಾತಾಡುವುದಿಲ್ಲ, ಏಕೆಂದರೆ ಈಗ ಅದು ವ್ಯಾಪಾರದ ಗುಟ್ಟು. ಬಸ್ಸು ಬಿಟ್ಟು ಬೇರೇನು ಮಾತಾಡಬೇಕೆಂದು ಇಬ್ಬರಿಗೂ ಅಭ್ಯಾಸವಿಲ್ಲ. ಅವರು ಮಗುವಿನ ಗಲ್ಲ ಹಿಂಡಿ ಮುಂದೆ ಹೋಗುತ್ತಾರೆ. ಮಧ್ಯಾಹ್ನ ನಮ್ಮ ಮನೆಗೆ ಬರಲು ಅವರಿಗೆ ಕಾರಣ ಉಳಿದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆಗಳು ಹೀಗಿವೆ. ತಾವು ನನ್ನ ಪರವಾಗಿ ಎಲ್ಲರೊಂದಿಗೂ ಮಾತಾಡುತ್ತೀರಾದ್ದರಿಂದ, ಮಗು ಎಚ್ಚರಗೊಂಡಾಗ ಅದರೊಂದಿಗೂ ಒಂದೆರಡು ಮಾತಾಡಿ, ಹಾಲು ಕುಡಿಸಿ, ಬೆನ್ನು ತಟ್ಟಿ ತೇಗಿಸಬೇಕು. ಸುಜಯನ ಪ್ರಯಾಣವನ್ನು ಒಂದು ಪ್ಯಾಕೇಜ್ ಮಾಡಿ, ನಡುವೆ ಎಲ್ಲಾದರೂ ಒಂದು ಹೊತ್ತು ಅವನು ಎಚ್ಚರವಾಗಿ ನನ್ನೊಂದಿಗೆ ಕುಳಿತುಕೊಳ್ಳುವ ವ್ಯವಸ್ಥೆ ಕಲ್ಪಿಸಬೇಕು. ಮುರಳಿಯವರ ತಾತನನ್ನು ಹಿಂದಕ್ಕೆ ಕರೆಸಬೇಕು, ರಿಯಾಯಿತಿಯನ್ನು ನಾನೇ ಭರಿಸುತ್ತೇನೆ. ಇವೆಲ್ಲ ಸಾಧ್ಯವಿಲ್ಲದಿದ್ದರೆ, ಕಡೆಗೆ ಇದೊಂದನ್ನಾದರೂ ನಡೆಸಿಕೊಡಬೇಕು. ತಮ್ಮಲ್ಲಿ ನನಗೆ ಗೊತ್ತಿರುವ ಪ್ರತಿಯೊಬ್ಬರ ಹೆಸರಿನ ಮುಂದೆ ಅವರು ನನಗೆ ಏನಾಗಬೇಕೆಂದು ಆರಿಸುವ ಒಂದು ಜಾಗವಿದೆ: ಗ್ರಾಹಕ, ಸಂಭಾವ್ಯ ಗ್ರಾಹಕ, ಪೂರೈಕೆದಾರ, ಪ್ರತಿಸ್ಪರ್ಧಿ. ಅಂಜನಮ್ಮನ ಹೆಸರಿನ ಮುಂದೆ ತಾವು ನನ್ನನ್ನು ಕೇಳದೆಯೇ ‘ಪ್ರತಿಸ್ಪರ್ಧಿ’ ಎಂದು ಹಾಕಿದ್ದೀರಿ. ನಾನು ಅದನ್ನು ತೆಗೆಯಲು ಹೋದರೆ, ಬೇರೆ ಯಾವುದನ್ನಾದರೂ ಆರಿಸಿ, ಖಾಲಿ ಬಿಡುವಂತಿಲ್ಲ ಎನ್ನುತ್ತೀರಿ. ಇರುವ ನಾಲ್ಕರಲ್ಲಿ ಅವರು ಯಾವುದೂ ಅಲ್ಲ. ದಯಮಾಡಿ ಐದನೆಯದೊಂದನ್ನು ಸೇರಿಸಿ. ಅದಕ್ಕೆ ಏನು ಹೆಸರಿಡಬೇಕೆಂದು ತಾವು ನನ್ನನ್ನು ಕೇಳಬಹುದು. ನನಗೂ ಗೊತ್ತಿಲ್ಲ, ಆದರೆ ಕೇಳಬಹುದು.

ತಮ್ಮನ್ನು ಪ್ರತಿ ಬಾರಿ ಕಾಣಲು ಬರುವಾಗಲೂ ಟ್ರಾಫಿಕ್ ದೀಪಗಳ ಚಿತ್ರಗಳನ್ನು ಗುರುತಿಸಿ, ತಾನು ಯಂತ್ರವಲ್ಲವೆಂದು ರುಜುವಾತು ಮಾಡಬೇಕಾದ

ತಮ್ಮ ವಿಶ್ವಾಸಿ,
ಪ್ರಿಯಂವದಾ
ಮಂದಾರ ಟ್ರಾವೆಲ್ಸ್, ದೊಡ್ಡತೋಗೂರು

ತಾ.ಕ.: ಈ ಪತ್ರವನ್ನು ನಾನು ಬರೆದು ಮುಗಿಸುವ ಮುಂಚೆಯೇ ತಾವು ಓದಿ, ‘ಮನಮಿಡಿಯುವ ಕಥೆ, ಮಾರಾಟಕ್ಕೆ ಯೋಗ್ಯ’ ಎಂದು ಮೆಚ್ಚಿ, ಕೆಳಗೆ ‘ಈಗಲೇ ಬುಕ್ ಮಾಡಿ’ ಎಂಬ ಗುಂಡಿಯೊಂದನ್ನು ಅಂಟಿಸಿರುವುದು ನನ್ನ ಗಮನಕ್ಕೆ ಬಂದಿದೆ. ಅದನ್ನು ತೆಗೆಯಲು ಬಹಳ ಪ್ರಯತ್ನಪಟ್ಟೆ, ತಾವು ಬಿಡಲಿಲ್ಲ. ಆದರೆ ಗುಂಡಿ ಒತ್ತಿದರೆ ಕರೆ ಯಾರಿಗೆ ಹೋಗಬೇಕೆಂಬುದನ್ನು ಬದಲಾಯಿಸಲು ಬಿಟ್ಟಿರಿ. ಆದ್ದರಿಂದ ಓದುಗರು ನಿಶ್ಚಿಂತೆಯಿಂದ ಒತ್ತಬಹುದು. ಫೋನನ್ನು ಅಂಜನಮ್ಮನೇ ಎತ್ತುತ್ತಾರೆ. ಕರೆಗಳು ಜಾಸ್ತಿಯಾಗಿ, ಇದೇನು ಪ್ರಿಯಮ್ಮ ಎಂದು ವಿಚಾರಿಸಲು ಅವರು ಒಂದು ಮಧ್ಯಾಹ್ನ ನಮ್ಮ ಮನೆಗೆ ಬರುವಂತಾದರೆ, ತಮ್ಮ ಮುಂದಿನ ವರ್ಷದ ಚಂದಾವನ್ನು ನಾನು ಗೊಣಗದೆ ಕಟ್ಟುತ್ತೇನೆ.